ನಂದಿಬಟ್ಟಲಿಗೆ ಜರ್ಮನಿ ಡಾಕ್ಟರ ಹೆಸರು ಯಾಕೆ ಬಂತು?

ಪ್ರಶ್ನೆ: ಸರ್, ನಮ್ಮ ಮಗಳು ಎಂಟನೇ ಕ್ಲಾಸು. ಮೊನ್ನೆ ನರ್ಸರಿಯಿಂದ ನಂದಿಬಟ್ಟಲು ಗಿಡ ತಂದ್ವಿ, ಅದಕ್ಕೆ ಕಟ್ಟಿದ್ದ ಚೀಟಿಲಿ ಟ್ಯಾಬರ್ನೆಮೊಂಟಾನಾ ಅಂತ ಬಾಯಿಗೇ ಬರದ ಹೆಸರೊಂದಿತ್ತು. ಅದು ಯಾರೋ ಜರ್ಮನಿಯವರ ಹೆಸರಂತೆ, ಅವಳೇ ಹುಡುಕಿ ಹೇಳಿದ್ಲು. ನಮ್ಮನೆ ಮುಂದಿನ ಗಿಡಕ್ಕೆ ಅವರ ಹೆಸರ್ಯಾಕೆ, ನಮ್ಮೋರ ಹೆಸರಿನ ಗಿಡ ಇಲ್ವಾ, ತಾತ ಹಿತ್ತಲಲ್ಲಿ ಬೆಳೆಸಿದ ಹಲಸಿನ ಮರಕ್ಕೆ ತಾತನ ಹೆಸರು ಇಡೋಕಾಗಲ್ವಾ ಅಂತ ಕೇಳ್ತಿದ್ದಾಳೆ. ಏನು ಹೇಳ್ಲಿ?

ಉತ್ತರ: ಮೇಡಂ, ಮೂವತ್ತು ವರ್ಷ ಕಾಲೇಜಲ್ಲಿ ಬಾಟನಿ ಪಾಠ ಮಾಡಿದೀನಿ, ಇಷ್ಟು ಚೆನ್ನಾಗಿ ಯಾವ ಹುಡುಗ್ರೂ ಕೇಳಿರ್ಲಿಲ್ಲ. ಅವ್ರಿಗೆ ಆ ಹೆಸರಿನ ಸ್ಪೆಲಿಂಗ್ ಬಾಯಿಪಾಠ ಮಾಡೋದ್ರಲ್ಲೇ ಸುಸ್ತಾಗಿ ಹೋಗ್ತಿತ್ತು, ಯಾಕೆ ಅಂತ ಕೇಳೋಕೆ ಪುರುಸೊತ್ತೆಲ್ಲಿ.

ಮೊದಲು ನಂದಿಬಟ್ಟಲಿನದ್ದೇ ಹೇಳ್ತೀನಿ. ಆ ಮನುಷ್ಯನ ಹೆಸರು ಯಾಕೋಬ್ ಥಿಯೊಡೋರ್, ಹದಿನಾರನೇ ಶತಮಾನದ ಜರ್ಮನ್ ಡಾಕ್ಟರು, 1588ರಲ್ಲಿ ಗಿಡಮೂಲಿಕೆ ಬಗ್ಗೆ ದಪ್ಪ ಪುಸ್ತಕ ಮಾಡಿದೋರು. ಹುಟ್ಟೂರು ಬೆರ್ಗ್‌ಸಾಬರ್ನ್. ಆಗಿನ ಕಾಲದ ಪಂಡಿತರಿಗೆ ತಮ್ಮ ಹೆಸರನ್ನ ಲ್ಯಾಟಿನ್ ಮಾಡ್ಕೊಳ್ಳೋ ಚಟ, ಇವರು ಊರಿನ ಹೆಸರನ್ನೇ ಲ್ಯಾಟಿನ್‌ಗೆ ತಿರುಗಿಸಿ ಟ್ಯಾಬರ್ನೆಮೊಂಟಾನಸ್ ಅಂತ ಇಟ್ಕೊಂಡ್ರು, ಅಂದ್ರೆ ಹೆಚ್ಚೂಕಮ್ಮಿ ಬೆಟ್ಟದ ಮೇಲಿನ ಹೋಟ್ಲು ಅಂತ. ಅವರು ಸತ್ತು ನೂರು ವರ್ಷ ಆದ್ಮೇಲೆ ಫ್ರಾನ್ಸಿನ ಒಬ್ಬ ಸನ್ಯಾಸಿ ಅಮೆರಿಕದ ಕಡೆಯ ಗಿಡಕ್ಕೆ ಅವರ ಹೆಸರಿಟ್ಟ, ನಮ್ಮ ನಂದಿಬಟ್ಟಲು ಅದೇ ಸಂಸಾರದ್ದು ಅಂತಾದಾಗ ಅದೂ ಆ ಹೆಸರಿನೊಳಗೆ ಹೋಯ್ತು. ಪಾಪ ಆ ಡಾಕ್ಟರಿಗೂ ನಂದಿಬಟ್ಟಲಿಗೂ ಯಾವ ಸಂಬಂಧವೂ ಇಲ್ಲ.

ಆ ಸನ್ಯಾಸಿ ಇದಾನಲ್ಲ, ಶಾರ್ಲ್ ಪ್ಲೂಮಿಯೆ, ಈ ಪದ್ಧತಿಯ ಮೂಲಪುರುಷರಲ್ಲಿ ಒಬ್ಬ. ಕೆರಿಬಿಯನ್ ದ್ವೀಪಗಳಿಗೆ ಮೂರು ಸಲ ಹೋಗಿಬಂದ, ನಾಲ್ಕನೇ ಸಲ ಹೊರಡೋಕೆ ಅಂತ ಸ್ಪೇನಿನ ಬಂದರಿಗೆ ಬಂದೋನು 1704ರಲ್ಲಿ ಅಲ್ಲೇ ತೀರಿಕೊಂಡ. 1703ರಲ್ಲಿ ಅವನ ಪುಸ್ತಕ ಬಂತು, ಹೊಸ ಗಿಡಗಳಿಗೆಲ್ಲ ಹಳೇ ವಿದ್ವಾಂಸರ ಹೆಸರು, ತನಗೆ ಸಹಾಯ ಮಾಡಿದೋರ ಹೆಸರು. ಮ್ಯಾಗ್ನೋಲಿಯಾ ಅಂದ್ರೆ ಮೊಂಪೆಲಿಯೆ ಊರಿನ ಪಿಯೆರ್ ಮ್ಯಾಗ್ನೋಲ್, ಬಿಗೋನಿಯಾ ಅಂದ್ರೆ ಫ್ರೆಂಚ್ ಅಧಿಕಾರಿ ಮಿಶೆಲ್ ಬೆಗೋನ್. ಹೀಗೆ ಎಲ್ಲರಿಗೂ ಹಂಚಿದವನ ಹೆಸರನ್ನೂ ಬೇರೆಯವರು ಒಂದು ಗಿಡಕ್ಕೆ ಇಟ್ರು, ಅದೇ ಪ್ಲುಮೇರಿಯಾ, ನಮ್ಮ ದೇವಸ್ಥಾನಗಳ ಮುಂದೆ ಇರೋ ದೇವಕಣಗಿಲೆ.

ಹೆಸರಿಡೋ ಹಕ್ಕು ಯಾರದು ಅಂತ ಗೊತ್ತಾದ್ರೆ ಅರ್ಧ ಸಿಟ್ಟು ಇಳಿಯುತ್ತೆ. ಇದಕ್ಕೆ ಅಂತ ಸರ್ಕಾರ ಇಲ್ಲ, ಆಫೀಸಿಲ್ಲ, ಅರ್ಜಿ ಫಾರಂ ಇಲ್ಲ. ಯಾವ ಗಿಡವನ್ನ ಯಾರು ಮೊದಲು ಸರಿಯಾಗಿ ವರ್ಣಿಸಿ ಅಚ್ಚು ಹಾಕಿಸ್ತಾರೋ ಅವರಿಟ್ಟ ಹೆಸರು ನಿಲ್ಲುತ್ತೆ, ಲೆಕ್ಕ ಶುರುವಾಗೋದು 1753ರಿಂದ, ಸ್ವೀಡನ್ನಿನ ಲಿನಿಯಸ್ ಬರೆದ ಪುಸ್ತಕ ಬಂದ ವರ್ಷ. ಹೆಸರಲ್ಲಿ ಎರಡು ಭಾಗ, ಮೊದಲನೇದು ಜೀನಸ್ ಅಂದ್ರೆ ಬಳಗ, ಎರಡನೇದು ಸ್ಪೀಶೀಸ್ ಅಂದ್ರೆ ಆ ಬಳಗದೊಳಗಿನ ಒಂದು ಜಾತಿ, ಉತ್ತರ ಕರ್ನಾಟಕದ ಅಡ್ಡಹೆಸರನ್ನ ಹಿಂದಿಂದ ಎತ್ತಿ ಮುಂದಕ್ಕೆ ಇಟ್ಟ ಹಾಗೆ ಅಂದ್ಕೊಳ್ಳಿ. ಲಾಲ್‌ಬಾಗ್ ಬೋರ್ಡಲ್ಲಿ ಕೊನೆಗೆ ಎಲ್ ಅಂತ ಒಂಟಿ ಅಕ್ಷರ ಇರುತ್ತಲ್ಲ, ಅದು ಲಿನಿಯಸ್, ಹೆಸರಿಟ್ಟವರ ಸಹಿ ಅದು. ಬೇರೆ ಯಾರಿಗೂ ಒಂದೇ ಅಕ್ಷರದ ಸವಲತ್ತಿಲ್ಲ.

ಈ ಲಿನಿಯಸ್ ಬುದ್ಧಿವಂತ ಹೌದು, ಆದ್ರೆ ಹೆಸರಿಡೋದ್ರಲ್ಲಿ ಅವನದ್ದು ಕುಚೇಷ್ಟೆಯೂ ಇತ್ತು, ಲೆಕ್ಕಾಚಾರವೂ ಇತ್ತು. ಮನೆಗೆ ಹೋಗೋ ದಾರೀಲಿ ಬಸವನಪಾದದ ಗಿಡ ಸಿಕ್ರೆ ಮಗಳಿಗೆ ಒಂದೆಲೆ ಕಿತ್ತು ತೋರಿಸಿ. ತುದಿ ಸೀಳಿ ಎರಡು ಭಾಗ ಆಗಿರುತ್ತೆ, ಬುಡದಲ್ಲಿ ಒಂದೇ. ನಮ್ಮ ಹಿರೀಕರು ಅದರಲ್ಲಿ ಎತ್ತಿನ ಗೊರಸು ನೋಡಿದ್ರು, ಬಸವನಪಾದ ಅಂದ್ರು. ಯುರೋಪಿನೋರು ಅದೇ ಎಲೆಗೆ ಬೌಹಿನಿಯಾ ಅಂದ್ರು, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಯೋಹಾನ್ ಬೌಹಿನ್ ಮತ್ತೆ ಗ್ಯಾಸ್ಪರ್ ಬೌಹಿನ್ ಅನ್ನೋ ಅಣ್ಣತಮ್ಮಂದಿರ ನೆನಪಿಗೆ, ಒಂದೇ ಬುಡದಿಂದ ಹೊರಟ ಎರಡು ಹಾಳೆ ಅಂದ್ರೆ ಒಂದೇ ಮನೆಯ ಇಬ್ಬರು ಅಂತ ಲಿನಿಯಸ್ ತಾನೇ ಬರೆದಿಟ್ಟಿದ್ದಾನೆ. ತಮ್ಮ ಗ್ಯಾಸ್ಪರ್ 1623ರಲ್ಲಿ ಸುಮಾರು ಆರು ಸಾವಿರ ಗಿಡಗಳ ಪಟ್ಟಿ ಮಾಡಿದ ಆಸಾಮಿ, ಸಾಮಾನ್ಯನಲ್ಲ. ನನಗಂತೂ ಈ ಎಲೆ ನೋಡಿದಾಗೆಲ್ಲ ಗೊರಸೇ ಮೊದಲು ಕಾಣೋದು, ಅದು ಬೇರೆ ವಿಷಯ.

ಇನ್ನೊಂದು ಇನ್ನೂ ಖಾರ. ಮಳೆಗಾಲದಲ್ಲಿ ಹೊಲದ ಬದುವಲ್ಲಿ ನೀಲಿ ಹೂ ಬಿಡೋ ಕಳೆ ಇದೆ, ಕೆಲವು ಕಡೆ ಹಿತ್ತಗಣಿ ಅಂತಾರೆ, ಕೆಲವು ಕಡೆ ಕನ್ನೆ ಸೊಪ್ಪು ಅಂತ ಸಾರಿಗೂ ಹಾಕ್ತಾರೆ. ಅದರ ಜೀನಸ್ ಕೊಮೆಲಿನಾ. ಹೂವಲ್ಲಿ ಮೂರು ಎಸಳು, ಎರಡು ದೊಡ್ಡದು ನೀಲಿ ಬಣ್ಣದ್ದು, ಮೂರನೇದು ಸಣ್ಣಕೆ ಪೆಚ್ಚಗೆ ಇರುತ್ತೆ. ಹಾಲೆಂಡಿನಲ್ಲಿ ಕೊಮೆಲಿನ್ ಅನ್ನೋ ಮನೆತನದ ಇಬ್ಬರು ಒಳ್ಳೇ ಸಸ್ಯಶಾಸ್ತ್ರಜ್ಞರಾದ್ರು, ಮೂರನೆಯವನು ಏನೂ ಸಾಧಿಸೋ ಮೊದಲೇ ಸತ್ತುಹೋದ, ಅದಕ್ಕೇ ಈ ಹೆಸರು ಹೊಂದುತ್ತೆ ಅಂತ ಲಿನಿಯಸ್ 1737ರಲ್ಲಿ ಬರೆದ! ಸತ್ತವನ ಬಗ್ಗೆ ಹೀಗೆ ಬರೆಯೋಕೆ ಮನಸ್ಸಾದ್ರೂ ಹೇಗೆ ಬರುತ್ತೆ ನೋಡಿ. ಹೂವಿನ ಗಂಡು ಹೆಣ್ಣು ಭಾಗ ನೋಡಿ ಗಿಡಗಳನ್ನ ವಿಂಗಡಿಸೋ ಲಿನಿಯಸ್‌ನ ಸಿದ್ಧಾಂತವನ್ನ ಅಶ್ಲೀಲ ಅಂತ ಬೈದ ಸೀಗೆಸ್‌ಬೆಕ್ ಅನ್ನೋನ ಹೆಸರು ಸೀಗೆಸ್‌ಬೆಕಿಯಾ ಅನ್ನೋ ಅಂಟಂಟು ಕಳೆಗೆ ಅಂಟಿಕೊಂಡಿದೆ, ಅದು ನಮ್ಮ ಘಟ್ಟದ ಮೇಲೂ ಬೆಳೆಯುತ್ತೆ, ನಡ್ಕೊಂಡು ಹೋದ್ರೆ ಪ್ಯಾಂಟಿಗೆ ಅಂಟುತ್ತೆ.

ದುಡ್ಡು ಕೊಟ್ಟೋರಿಗೂ ಹೆಸರು ಸಿಕ್ಕಿದೆ. ಹಬ್ಬಕ್ಕೆ ನಿಮ್ಮ ಮಗಳು ಕೈಗೆ ಹಾಕೊಳ್ಳೋ ಮದರಂಗಿ ಲಾಸೋನಿಯಾ, ಐಸಾಕ್ ಲಾಸನ್ ಅಂತ ಸ್ಕಾಟ್ಲೆಂಡಿನ ಡಾಕ್ಟರು, 1735ರಲ್ಲಿ ಲಿನಿಯಸ್‌ನ ಮೊದಲ ದೊಡ್ಡ ಪುಸ್ತಕದ ಅಚ್ಚಿನ ಖರ್ಚಿಗೆ ಕೈಹಾಕಿದೋರಲ್ಲಿ ಒಬ್ಬರು. ಹೊಳೆದಾಸವಾಳ ಲಾಗರ್‌ಸ್ಟ್ರೋಮಿಯಾ, ಅದು ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರ್ ಮ್ಯಾಗ್ನಸ್ ಫಾನ್ ಲಾಗರ್‌ಸ್ಟ್ರೋಮ್, ಕಂಪನಿ ಹಡಗುಗಳಲ್ಲಿ ಪೂರ್ವದೇಶದಿಂದ ಬಂದ ಗಿಡ ಬೀಜ ಎಲ್ಲ ಲಿನಿಯಸ್ಸಿಗೆ ತಲುಪಿಸ್ತಿದ್ದ ಸ್ನೇಹಿತ. ಬೀಟೆ ಮರ ಡಾಲ್‌ಬರ್ಜಿಯಾ, ಸ್ವೀಡನ್ನಿನ ರಾಜವೈದ್ಯ ನಿಲ್ಸ್ ಡಾಲ್‌ಬರ್ಗ್, ಇದು ಲಿನಿಯಸ್‌ನ ಮಗ ಇಟ್ಟಿದ್ದು. ಮೈಸೂರಿನ ಇನ್‌ಲೇ ಕೆಲಸದೋರು ತಲೆಮಾರುಗಳಿಂದ ಕೆತ್ತಿಕೊಂಡು ಬಂದಿರೋ ಮರ ಅದು. ಚನ್ನಪಟ್ಟಣದ ಗೊಂಬೆ ಮಾಡೋ ಹಾಲೆ ಮರ ರೈಟಿಯಾ, ಜಮೈಕಾದಲ್ಲಿ ಕೆಲಸ ಮಾಡಿದ ವಿಲಿಯಂ ರೈಟ್ ಅನ್ನೋ ಡಾಕ್ಟರ ನೆನಪು. ಕಾಫಿ ತೋಟದ ಸಿಲ್ವರ್ ಓಕ್ ಗ್ರೆವಿಲಿಯಾ, ಚಾರ್ಲ್ಸ್ ಗ್ರೆವಿಲ್ ಅನ್ನೋ ಇಂಗ್ಲೆಂಡಿನ ಗಿಡಪ್ರಿಯ ಶ್ರೀಮಂತ. ಜಿನಿಯಾ ಹೂವಿದ್ಯಲ್ಲ, ಅದು ಮೂವತ್ತೊಂದಕ್ಕೇ ತೀರಿಕೊಂಡ ಯೋಹಾನ್ ಸಿನ್ ಅನ್ನೋ ಜರ್ಮನ್ ಪ್ರೊಫೆಸರು, ಕಣ್ಣಿನ ರಚನೆ ಬಗ್ಗೆ ಬರೆದ, ಕಣ್ಣಿನ ಲೆನ್ಸನ್ನ ಹಿಡಿದಿಟ್ಟಿರೋ ಎಳೆಗಳಿಗೂ ಇವತ್ತಿನ ತನಕ ಅವನದ್ದೇ ಹೆಸರು, ನಿಮಗೆ ಕಣ್ಣಿನ ಡಾಕ್ಟರ್ ಯಾರಾದ್ರೂ ಪರಿಚಯ ಇದ್ರೆ ಕೇಳಿನೋಡಿ. ಗಾರ್ಡೀನಿಯಾ ಅಂದ್ರೆ ಗಾರ್ಡನ್‌ನಲ್ಲಿ ಬೆಳೆಯುತ್ತೆ ಅಂತ ನಮ್ಮ ಸ್ಟೂಡೆಂಟ್ಸ್ ಪರೀಕ್ಷೇಲಿ ಬರೀತಿದ್ರು, ನಗು ಬರ್ತಿತ್ತು, ಅದು ಅಲೆಕ್ಸಾಂಡರ್ ಗಾರ್ಡನ್ ಅನ್ನೋ ಡಾಕ್ಟರು. ಹುಡುಗ್ರನ್ನ ಹೇಗೆ ಬೈಯೋದು ಹೇಳಿ.

ಒಬ್ಬ ಮಾತ್ರ ಈ ಗೌರವ ನನಗೆ ಬೇಡ ಅಂದ ಹಾಗೆ ನಡ್ಕೊಂಡ, ಅವನ ಮೇಲೆ ನನಗೆ ತುಂಬಾ ಅಭಿಮಾನ. ಮಿಶೆಲ್ ಅಡಾನ್ಸನ್, ಫ್ರೆಂಚ್‌ನೋನು, 1749ರಲ್ಲಿ ಆಫ್ರಿಕಾದ ಸೆನೆಗಲ್‌ಗೆ ಹೋಗಿ ಕೆಲವು ವರ್ಷ ಇದ್ದು ಅಲ್ಲಿನ ದೈತ್ಯ ಮರವನ್ನ ವಿವರವಾಗಿ ನೋಡಿ ಬರೆದ. ಆ ಮರಕ್ಕೆ ಲಿನಿಯಸ್ ಅಡಾನ್ಸೋನಿಯಾ ಅಂತ ಇಟ್ಟ. ಆದ್ರೆ ಅಡಾನ್ಸನ್ 1763ರಲ್ಲಿ ತನ್ನ ಪುಸ್ತಕ ಬರೆದಾಗ ತನ್ನ ಹೆಸರನ್ನ ಪಕ್ಕಕ್ಕಿಟ್ಟು ಜನ ಕರೀತಿದ್ದ ಬಾವೋಬಾಬ್ ಅನ್ನೋದನ್ನೇ ಬಳಸಿದ. ಊರೋರ ಮಾತೇ ಸರಿ ಅನ್ನೋ ಹಟ. ನಿಯಮದ ಪ್ರಕಾರ ಅವನು ಸೋತ, ಅಡಾನ್ಸೋನಿಯಾನೇ ಉಳೀತು. ಆ ಮರ ನೋಡೋಕೆ ಆಫ್ರಿಕಾಗೆ ಹೋಗಬೇಕಿಲ್ಲ, ಹಾವೇರಿ ಜಿಲ್ಲೆ ಸವಣೂರಿನ ದೊಡ್ಡಹುಣಸೆ ಮಠಕ್ಕೆ ಹೋಗಿ, ಮಠಕ್ಕೇ ಮರದ ಹೆಸರು ಬಂದಿದೆ. ಅಲ್ಲಿ ಯಾರಿಗೂ ಅಡಾನ್ಸನ್ ಗೊತ್ತಿಲ್ಲ, ಅವನಿಗೆ ಇದು ಖುಷಿಯಾಗ್ತಿತ್ತೇನೋ.

ಈಗ ನನಗೆ ನಿಜವಾಗ್ಲೂ ಬೇಜಾರಾಗೋ ವಿಷಯಕ್ಕೆ ಬರ್ತೀನಿ. ಫಾರಿನ್‌ನೋರ ಹೆಸರು ಇದೆ ಅನ್ನೋದು ನನಗೆ ದೊಡ್ಡ ತಕರಾರಲ್ಲ, ಯಾರು ಪುಸ್ತಕ ಮಾಡಿದ್ರೋ ಅವರ ಬಳಗದ ಹೆಸರು ಬಂತು. ಗಿಡ ತೋರಿಸಿದೋರು, ಹೊತ್ತು ತಂದೋರು, ಚಿತ್ರ ಬರೆದೋರು ಇದಾರಲ್ಲ, ಅವರ ಹೆಸರು ಎಲ್ಲಿ ಹೋಯ್ತು ಅನ್ನೋದೇ ನನ್ನ ತಕರಾರು. ಬೋಗನ್‌ವಿಲ್ಲಾನೇ ತಗೊಳ್ಳಿ, ನಿಮ್ಮ ಕಾಂಪೌಂಡಲ್ಲೂ ಇರಬಹುದು. ಬೂಗನ್‌ವಿಲ್ ಅನ್ನೋನು ಹಡಗಿನ ಕ್ಯಾಪ್ಟನ್, ಗಿಡಗಳ ಕೆಲಸ ಮಾಡಿದ್ದು ಅದೇ ಯಾತ್ರೇಲಿದ್ದ ಕೊಮೆರ್ಸನ್, 1767ರಲ್ಲಿ ರಿಯೊ ಡಿ ಜನೈರೊದಲ್ಲಿ ಈ ಬಳ್ಳಿ ಸಿಕ್ತು. ಕೊಮೆರ್ಸನ್‌ಗೆ ಕಾಲು ನೋವು, ಜೊತೆಗಿದ್ದ ಆಳು ಬೆಟ್ಟಗುಡ್ಡ ಹತ್ತಿ ಭಾರ ಹೊರ್ತಿದ್ದ, ಆ ಆಳು ಗಂಡಸಿನ ವೇಷದಲ್ಲಿದ್ದ ಹೆಂಗಸು, ಹೆಸರು ಜಾನ್ ಬಾರೆ, ಫ್ರೆಂಚ್ ನೌಕಾಪಡೆ ಹಡಗಿಗೆ ಹೆಂಗಸರು ಹತ್ತೋ ಹಾಗೇ ಇರಲಿಲ್ಲ. ಇಡೀ ಭೂಮಿ ಸುತ್ತಿ ಬಂದ ಮೊದಲ ಹೆಣ್ಣುಮಗಳು ಅಂತ ಅವಳನ್ನ ಈಗ ಲೆಕ್ಕ ಹಾಕ್ತಾರೆ. ಕೊಮೆರ್ಸನ್ ಹೆಸರಲ್ಲಿ ಎಪ್ಪತ್ತಕ್ಕೂ ಜಾಸ್ತಿ ಸ್ಪೀಶೀಸ್ ಇವೆ. ಅವಳ ಹೆಸರಲ್ಲಿ ಅವನೊಂದು ಜೀನಸ್ ಇಡೋಕೆ ಬರೆದಿಟ್ಟಿದ್ದ, ಅದು ನಿಲ್ಲಲಿಲ್ಲ. ಕೊನೆಗೆ 2012ರಲ್ಲಿ ದಕ್ಷಿಣ ಅಮೆರಿಕದ ಒಂದು ಸೊಲಾನಮ್‌ಗೆ, ಅಂದ್ರೆ ನಮ್ಮ ಬದನೆಕಾಯಿ ಆಲೂಗಡ್ಡೆ ವಂಶದ ಬಳ್ಳಿಗೆ, ಸೊಲಾನಮ್ ಬಾರೆಟಿಯೆ ಅಂತ ಹೆಸರಿಟ್ರು. ಇನ್ನೂರೈವತ್ತು ವರ್ಷ ತಡವಾಗಿ.

ನಮ್ಮ ಕಡೆಯದ್ದೂ ಇದೇ ಕತೆ. ಕೊಚ್ಚಿಯಲ್ಲಿದ್ದ ಡಚ್ ಗವರ್ನರ್ ಫಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಹನ್ನೆರಡು ಸಂಪುಟ ಮಾಡಿಸಿದ, ಹೋರ್ಟಸ್ ಮಲಬಾರಿಕಸ್, 1678ರಿಂದ 1693ರ ತನಕ ಆಮ್‌ಸ್ಟರ್ಡಾಮ್‌ನಲ್ಲಿ ಅಚ್ಚಾಯ್ತು. ಒಳಗಿನ ವಿದ್ಯೆ ಬಹುಪಾಲು ಇಟ್ಟಿ ಅಚ್ಯುತನ್ ಅನ್ನೋ ಈಳವ ವೈದ್ಯರದ್ದು, ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಅನ್ನೋ ಮೂವರು ಕೊಂಕಣಿ ಬ್ರಾಹ್ಮಣರು. ನಿಜ ಹೇಳಬೇಕು ಅಂದ್ರೆ ಫಾನ್ ರೀಡ್ ಈ ನಾಲ್ವರ ಹೆಸರು ಮುಚ್ಚಿಡಲಿಲ್ಲ, ಅವರು ಅವರವರ ಲಿಪಿಯಲ್ಲಿ ಬರೆದುಕೊಟ್ಟ ಪತ್ರಗಳನ್ನೇ ಅಚ್ಚು ಹಾಕಿಸಿದ. ಲಿನಿಯಸ್ 1753ರಲ್ಲಿ ಭಾರತದ ಗಿಡಗಳಿಗೆ ಹೆಸರಿಡುವಾಗ ಪದೇಪದೇ ಆಧಾರ ಮಾಡ್ಕೊಂಡಿದ್ದು ಈ ಪುಸ್ತಕವನ್ನೇ. ಆಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ಬ್ಲೂಮ್ ಅನ್ನೋ ಡಚ್ ವಿಜ್ಞಾನಿ ಅಚ್ಯುತನ್ ಅವರ ನೆನಪಿಗೆ ಅಚುಡೇಮಿಯಾ ಅಂತ ಒಂದು ಜೀನಸ್ ಮಾಡಿದ, ಅದೂ ಬಹಳ ಕಾಲ ಪೈಲಿಯಾ ಅನ್ನೋ ಇನ್ನೊಂದು ಜೀನಸ್ಸಿನೊಳಗೆ ಮುಳುಗಿಹೋಗಿತ್ತು.

ಮುಳುಗೋದು ಅಂದೆ, ಅದೇನು ಅಂತ ಹೇಳಬೇಕು. ಇಬ್ಬರು ಒಂದೇ ಗಿಡಕ್ಕೆ ಬೇರೆ ಬೇರೆ ಹೆಸರಿಟ್ಟಿದ್ರೆ ಅಥವಾ ಎರಡು ಜೀನಸ್ ನಿಜವಾಗಿ ಒಂದೇ ಅಂತ ಗೊತ್ತಾದ್ರೆ ಮೊದಲು ಬಂದ ಹೆಸರು ಉಳಿಯುತ್ತೆ, ಇನ್ನೊಂದು ಅಡಿಗೆ ಹೋಗುತ್ತೆ. ಸಂಪಿಗೆಗೂ ಹೀಗೇ ಆಯ್ತು. ನಾನು ಓದುವಾಗ ಅದು ಮಿಕೇಲಿಯಾ ಚಂಪಾಕಾ, ಫ್ಲಾರೆನ್ಸಿನ ಮಿಕೇಲಿ ಅನ್ನೋರ ಹೆಸರು, ಕರಬೂಜದ ಹೋಳಿನ ಮೇಲೆ ಬೂಷ್ಟು ಬೆಳೆಸಿ ಅದೂ ಬೀಜಕಣದಿಂದಲೇ ಹುಟ್ಟುತ್ತೆ ಅಂತ ತೋರಿಸಿದ ಪುಣ್ಯಾತ್ಮ. ಈಗ ಆ ಜೀನಸ್ಸನ್ನ ಮ್ಯಾಗ್ನೋಲಿಯಾದೊಳಗೆ ಸೇರಿಸಿದಾರೆ, ಮಿಕೇಲಿ ಹೋದ ಮ್ಯಾಗ್ನೋಲ್ ಬಂದ, ಆದ್ರೆ ಹಿಂದಿನ ಚಂಪಾಕಾ ಹಾಗೇ ಇದೆ ನೋಡಿ, ಅದು ನಮ್ಮ ಸಂಪಿಗೆಯೇ! ಇಷ್ಟೆಲ್ಲ ಗಲಾಟೇಲಿ ಅಲುಗಾಡದೆ ಉಳಿದಿದ್ದು ನಮ್ಮ ಹೆಸರು. ರಾಬರ್ಟ್ ವೈಟ್ ಅಂತ ಸ್ಕಾಟ್ಲೆಂಡಿನ ಡಾಕ್ಟರು ಮದ್ರಾಸ್ ಪ್ರಾಂತ್ಯದಲ್ಲಿದ್ದು ಸಾವಿರಾರು ಗಿಡಗಳ ಚಿತ್ರ ಪ್ರಕಟಿಸಿದ್ರು, ವೈಟಿಯೈ ಅಂತ ಕೊನೆಯಾಗೋ ಹೆಸರು ಪಶ್ಚಿಮಘಟ್ಟದ ತುಂಬ ಸಿಗುತ್ತೆ. ಚಿತ್ರ ಬರೆದೋರು ಮೊದಲು ರಂಗಯ್ಯ, ಆಮೇಲೆ ಗೋವಿಂದು. ವೈಟ್ ದೊಡ್ಡ ಮನಸ್ಸು ಮಾಡಿ ಒಂದು ಆರ್ಕಿಡ್‌ಗೆ ಗೋವಿಂದೂಯಿಯಾ ಅಂತ ಹೆಸರಿಟ್ರು. ಎಷ್ಟು ಚೆನ್ನಾಗಿದೆ ಆ ಹೆಸರು! ಅದು ಟ್ರೊಪಿಡಿಯಾ ಅನ್ನೋ ಹಳೇ ಜೀನಸ್ಸೇ ಅಂತಾಗಿ ಅದೂ ಮುಳುಗಿತು. ಬೇಕು ಅಂತ ಯಾರೂ ಮುಳುಗಿಸಿದ್ದಲ್ಲ, ನಿಯಮ ಹಾಗೆ, ಆದ್ರೂ ನನಗೆ ಹೊಟ್ಟೆ ಉರಿಯುತ್ತೆ.

ಇಪ್ಪತ್ತನೇ ಶತಮಾನದಲ್ಲಿ ನಮ್ಮೋರೇ ಹೆಸರಿಡೋಕೆ ಶುರು ಮಾಡಿದ್ಮೇಲೆ ಪರಿಸ್ಥಿತಿ ಸ್ವಲ್ಪ ಬದಲಾಯ್ತು. ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಗೊತ್ತಲ್ಲ, ಕನ್ನಡ ಓದೋರಿಗೆಲ್ಲ ಗೊತ್ತಿರೋರೇ, ಅವರು ಹಾರ್ವರ್ಡ್‌ನಲ್ಲಿ ತಮಗೆ ಕಲಿಸಿದ ಇರ್ವಿಂಗ್ ಬೈಲಿ ಅವರ ಹೆಸರನ್ನ ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯೈ ಅಂತ ಒಂದು ಗಿಡಕ್ಕೆ ಇಟ್ರು, ಡೆಲ್ಲಿಯ ಸಸ್ಯಶಾಸ್ತ್ರಜ್ಞ ಪಂಚಾನನ ಮಹೇಶ್ವರಿಯವರ ಹೆಸರನ್ನ ಆಸ್ಕರಿನಾ ಮಹೇಶ್ವರಿಯೈ ಅಂತ ಇನ್ನೊಂದಕ್ಕೆ. ಬೆಂಗಳೂರಿನೋರು ಅಮೆರಿಕದ ಗುರುವಿನ ಹೆಸರಿಟ್ಟಾಗ ಅಲ್ಲಿನೋರು ಯಾರೂ ತಕರಾರು ಮಾಡಲಿಲ್ಲ, ಇದನ್ನೂ ಮಗಳಿಗೆ ಹೇಳಿ. ಕೇರಳದ ಜಾನಕಿ ಅಮ್ಮಾಳ್, ಕ್ರೋಮೋಸೋಮ್ ಕೆಲಸದಲ್ಲಿ ದೊಡ್ಡ ಹೆಸರು, ಅವರ ನೆನಪಿಗೆ 1978ರಲ್ಲಿ ಜಾನಕಿಯಾ ಅನ್ನೋ ಜೀನಸ್ಸೇ ಬಂತು. ಏನಾಯ್ತು ಊಹಿಸಿ. ಅದೂ ಡೆಕಾಲೆಪಿಸ್ ಒಳಗೆ ಹೋಯ್ತು, ಡೆಕಾಲೆಪಿಸ್ ಅಂದ್ರೆ ನೀವು ಉಪ್ಪಿನಕಾಯಿ ಹಾಕೋ ಮಾಕಳಿ ಬೇರಿನ ಬಳಗ. ಪರವಾಗಿಲ್ಲ, ಒಳ್ಳೇ ಮನೆಗೇ ಸೇರಿದ್ರು. ಈಚೆಗೆ ಅಬ್ದುಲ್ ಕಲಾಂ ಹೆಸರಲ್ಲಿ ಡ್ರೈಪೆಟಿಸ್ ಕಲಾಮಿಯೈ ಅಂತ ಪಶ್ಚಿಮ ಬಂಗಾಳದ ಗಿಡ ಬಂದಿದೆ. ಕೊನೆ ಅಕ್ಷರ ನೋಡಿಯೇ ಗಂಡೋ ಹೆಣ್ಣೋ ಹೇಳಬಹುದು, ಸಾಮಾನ್ಯವಾಗಿ ಗಂಡಸಾದ್ರೆ ಐ, ಹೆಂಗಸಾದ್ರೆ ಎ, ಮೇಲೆ ಬಾರೆಟಿಯೆ ಅಂತ ಬಂತಲ್ಲ ಹಾಗೆ.

ಇಟ್ಟ ಹೆಸರನ್ನ ಬದಲಾಯಿಸೋಕೆ ಆಗಲ್ವಾ ಅಂತ ನಿಮ್ಮ ಮಗಳು ಮುಂದೆ ಕೇಳೇ ಕೇಳ್ತಾಳೆ. ಇಷ್ಟ ಆಗಲಿಲ್ಲ ಅಂತ ಬದಲಾಯಿಸೋಕಾಗಲ್ಲ. ಆದ್ರೆ 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರು ಆಫ್ರಿಕಾದ ಕಪ್ಪು ಜನರನ್ನ ಬೈಯೋ ಪದದಿಂದ ಬಂದಿದ್ದ ಇನ್ನೂರಕ್ಕೂ ಹೆಚ್ಚು ಹೆಸರುಗಳನ್ನ ತಿದ್ದಬೇಕು ಅಂತ ವೋಟ್ ಹಾಕಿದ್ರು, 351 ಪರ 205 ವಿರೋಧ. ಒಂದಕ್ಷರ ಕಿತ್ತು ಆಫ್ರಾ ಅಂತ ಮಾಡಿದ್ರು, ಅಂದ್ರೆ ಆಫ್ರಿಕಾದ್ದು ಅಂತ. ಗುಲಾಮಗಿರಿ ಪರ ವಾದ ಮಾಡಿದ ಲಂಡನ್ ವ್ಯಾಪಾರಿ ಜಾರ್ಜ್ ಹಿಬರ್ಟ್ ಹೆಸರಿನ ಹಿಬರ್ಟಿಯಾ ಬಗ್ಗೆನೂ ಜಗಳ ನಡೀತಾ ಇದೆ. ನನ್ನ ಅಭಿಪ್ರಾಯ ಕೇಳಿದ್ರೆ, ಬೈಗುಳ ಇದ್ರೆ ತೆಗೀಲೇಬೇಕು, ಆದ್ರೆ ಟ್ಯಾಬರ್ನೆಮೊಂಟಾನಸ್ ಥರದ ಬಡಪಾಯಿಗಳನ್ನ ಬಿಟ್ಬಿಡಿ, ಅವರೇನು ಮಾಡಿದ್ರು.

ಈಗ ತಾತನ ಹಲಸು. ಹಲಸಿಗೆ ವೈಜ್ಞಾನಿಕ ಹೆಸರು ಆಗಲೇ ಇದೆ, ಹಿತ್ತಲ ಮರಕ್ಕೆ ಇನ್ನೊಂದು ಲ್ಯಾಟಿನ್ ಹೆಸರು ಬರೋ ಹಾಗಿಲ್ಲ. ಹೊಸ ಸ್ಪೀಶೀಸ್ ಸಿಕ್ಕಿದ್ರೆ ಒಣಗಿಸಿದ ಮಾದರಿಯನ್ನ ಹರ್ಬೇರಿಯಂನಲ್ಲಿ, ಅಂದ್ರೆ ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ ಇಟ್ಟು, ಲ್ಯಾಟಿನ್ ಅಥವಾ ಇಂಗ್ಲಿಷ್‌ನಲ್ಲಿ ವಿವರಣೆ ಬರೆದು ಪ್ರಕಟಿಸಬೇಕು, ಆ ದಾರಿ ಬೇರೆ. ಆದ್ರೆ ತಳಿ ಅಂತ ಒಂದಿದೆ. ಬೆಂಗಳೂರಲ್ಲಿ ಎಲ್ಲಾ ಕಡೆ ಕಾಣೋ ಕಡುಗೆಂಪು ಬೋಗನ್‌ವಿಲ್ಲಾ ಇದ್ಯಲ್ಲ, ಅದರ ತಳಿಯ ಹೆಸರು ಮಿಸೆಸ್ ಬಟ್, ಯಾರದೋ ಮನೆಯಾಕೆ ಅಷ್ಟೇ. ತುಮಕೂರು ಜಿಲ್ಲೆ ಚೇಳೂರಿನ ರೈತರೊಬ್ಬರ ತೋಟದಲ್ಲಿ ತಾಮ್ರದ ಬಣ್ಣದ ತೊಳೆ ಬಿಡೋ ಹಲಸಿನ ಮರ ಇತ್ತು, ಅಪ್ಪ ನೆಟ್ಟಿದ್ದು. ಐಐಎಚ್‌ಆರ್ ಅನ್ನೋ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನ ಪರೀಕ್ಷೆ ಮಾಡಿ ತಳಿಯಾಗಿ ಗುರುತಿಸಿದಾಗ ಅದಕ್ಕೆ ಬಂದಿದ್ದು ಆ ಅಪ್ಪನ ಹೆಸರೇ, ಸಿದ್ದು ಹಲಸು, ಇವತ್ತು ಅದರ ಕಸಿ ಗಿಡಕ್ಕೆ ಜನ ಮುಗಿಬೀಳ್ತಾರೆ. ರೈತರ ತಳಿ ಅಂತ ನೋಂದಣಿ ಮಾಡಿಸೋಕೆ 2001ರ ಕಾನೂನೇ ಇದೆ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದ್ರೆ ದಾರಿ ಹೇಳ್ತಾರೆ. ಮರದಲ್ಲಿ ಬೇರೆ ಹಲಸಿನಲ್ಲಿಲ್ಲದ ಗುಣ ಏನಾದ್ರೂ ಇರಬೇಕು, ಅದು ವರ್ಷವರ್ಷವೂ ಹಾಗೇ ಬರಬೇಕು, ಕಸಿ ಮಾಡಿದ ಗಿಡದಲ್ಲೂ ಕಾಣಬೇಕು. ಬೀಜ ಹಾಕಿ ಬೆಳೆಸಿದ್ರೆ ಅದೇ ಗುಣ ಬರಲ್ಲ, ಇದನ್ನ ಮರೀಬೇಡಿ. ಹಾಗಾಗಿ ಮುಂದಿನ ಸೀಸನ್‌ನಿಂದ ಹಣ್ಣಿನ ತೂಕ, ತೊಳೆ ಎಷ್ಟು, ಬಣ್ಣ ಯಾವುದು, ಮೇಣ ಜಾಸ್ತಿಯೋ ಕಮ್ಮಿಯೋ, ಯಾವ ತಿಂಗಳಲ್ಲಿ ಹಣ್ಣಾಗುತ್ತೆ, ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಡೋ ಕೆಲಸ ಮಗಳಿಗೇ ಕೊಡಿ, ತೊಳೆ ಬಿಡಿಸೋ ಮೊದಲು ಕೈಗೆ ಎಣ್ಣೆ ಹಚ್ಕೊಳ್ಳೋಕೆ ಹೇಳಿ.